ಮುನ್ನೂರಪ್ಪನವರ ಬೆನ್ನು

ಮುನ್ನೂರಪ್ಪ ಎಂಬುದು ತಂದೆತಾಯಿ ಇಟ್ಟ ಹೆಸರಲ್ಲ. ಹೆತ್ತ ಮಗುವಿಗೆ ಅಂಥ ಹೆಸರಿಡುವಷ್ಟು ಸಿಟ್ಟು ಯಾವ ತಾಯಿಗೂ ಇರುವುದಿಲ್ಲ. ಅದು ಅವರು ಸ್ವಂತ ಬಾಯಿಂದ ದುಡಿದು ಪಡೆದ ಬಿರುದು. ನಾಲ್ಕು ಮನೆಗಳ ಆ ಹಳೆಯ ಕಟ್ಟಡಕ್ಕೆ ಹೊಸ ಇಂಟರ್ನೆಟ್ ತರಿಸಿದ ಮೇಲೆ, ಮೆಟ್ಟಿಲ ಮೇಲೆ ಎದುರಾದವರಿಗೆಲ್ಲ ಅವರು ಅದರ ವೇಗವನ್ನು ‘ನಮ್ಮದು ಮುನ್ನೂರು’ ಎಂದು ಹೇಳತೊಡಗಿದರು. ಹೇಗಿದ್ದೀರಿ ಎಂದರೂ ಮುನ್ನೂರು, ನೀರು ಬಂತೇ ಎಂದರೂ ಮುನ್ನೂರು. ಕೊನೆಗೆ ಜನ ಅವರ ನಿಜವಾದ ಹೆಸರನ್ನು ಮರೆತು, ಮರೆತದ್ದಕ್ಕೆ ಬೇಜಾರನ್ನೂ ಮಾಡಿಕೊಳ್ಳಲಿಲ್ಲ.

ಅವರ ನೌಕರಿ ತೂಕ ಮತ್ತು ಅಳತೆಯ ಇಲಾಖೆಯಲ್ಲಿ. ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ ಪರೀಕ್ಷಿಸಿ ಮುದ್ರೆ ಒತ್ತುವುದು ಕೆಲಸ. ‘ಎರಡೂ ತಟ್ಟೆ ನೋಡದೆ ಮುದ್ರೆ ಒತ್ತಬೇಡ’ ಎಂದು ಹೊಸದಾಗಿ ಸೇರಿದವರಿಗೆ ಪಾಠ ಹೇಳುವವರೇ ಅವರು. ಅಂಥ ಮಹಾನುಭಾವರು ಸ್ವಂತ ಮನೆಗೆ ಕೊಂಡ ಸರಕಿನ ಒಂದೇ ತಟ್ಟೆ ನೋಡಿ ಮುದ್ರೆ ಒತ್ತಿಬಿಟ್ಟರು. ಊರಿಗೆಲ್ಲ ಬುದ್ಧಿ ಹೇಳುವವನ ಮನೆಯಲ್ಲೇ ಬುದ್ಧಿಗೆ ಬರಗಾಲ ಎನ್ನುವುದು ಸುಳ್ಳಲ್ಲ.

ಅಸಲಿಗೆ ಇಂಟರ್ನೆಟ್ ಬೇಕಾಗಿದ್ದುದು ಅವರ ಹೆಂಡತಿಗೆ. ಆಕೆಯ ತಮ್ಮನಿಗೆ ಹುಟ್ಟಿನಿಂದ ಕಿವಿ ಕೇಳಿಸದು. ಅವನ ಜೊತೆ ಬೆಳೆಯುತ್ತ ಆಕೆ ಕೈಸನ್ನೆಯ ಭಾಷೆಯನ್ನು ಮಾತು ಕಲಿತ ಹಾಗೆಯೇ ಕಲಿತಿದ್ದಳು. ಆಮೇಲೆ ಅದರಲ್ಲೇ ಓದಿ ಪಾಸೂ ಆಗಿದ್ದಳು. ಪಾಸಾದವಳಿಗೆ ಕೆಲಸ ಮಾತ್ರ ಸಿಕ್ಕಿರಲಿಲ್ಲ. ಈಗ, ಕೂದಲು ನರೆಯತೊಡಗಿದ ಹೊತ್ತಿಗೆ, ಕಿವಿ ಕೇಳದ ಮಕ್ಕಳಿಗೆ ಪರದೆಯ ಮೇಲೆ ಪಾಠ ಹೇಳುವ ಒಂದು ಶಾಲೆಯಿಂದ ಕರೆ ಬಂದಿತ್ತು. ಶುಕ್ರವಾರ ಸಂಜೆ ನಾಲ್ಕಕ್ಕೆ ಮನೆಯಿಂದಲೇ ಒಂದು ಕಥೆಯನ್ನು ಸನ್ನೆಯಲ್ಲಿ ಹೇಳಿ ತೋರಿಸಬೇಕು. ಒಪ್ಪಿಗೆಯಾದರೆ ಕೆಲಸ. ‘ಈ ಸಲ ತಪ್ಪಿದರೆ ಇನ್ನು ಯಾರೂ ಕರೆಯಲ್ಲ’ ಎಂದು ಆಕೆ ಅಂದಿದ್ದಳು. ಅಳುತ್ತ ಹೇಳಲಿಲ್ಲ, ಪಾತ್ರೆ ಒರೆಸುತ್ತ ಹೇಳಿದಳು. ಅದಕ್ಕೇ ಅದು ಮುನ್ನೂರಪ್ಪನವರ ಎದೆಗೆ ನಾಟಿತ್ತು.

ನಾಟಿದ್ದರಿಂದಲೇ ಅವರು ಒಂದು ವಾರ ಇಂಟರ್ನೆಟ್ಟಿನ ಅಧ್ಯಯನ ಮಾಡಿದರು. ಅಧ್ಯಯನದ ಫಲವನ್ನು ಮೆಟ್ಟಿಲ ಮೇಲೆ ನಿಂತು ಇಡೀ ಕಟ್ಟಡಕ್ಕೆ ಹಂಚಿದರು. ಕೇಳುಗರು ಮೂವರು: ನೆಲಮಹಡಿಯ ಟೈಲರ್, ಅದರ ಮೇಲಿನ ಮನೆಯ ನಿವೃತ್ತ ಬ್ಯಾಂಕ್ ಮ್ಯಾನೇಜರ್, ಎಲ್ಲಕ್ಕಿಂತ ಮೇಲಿನ ಮನೆಯ ನರ್ಸಮ್ಮ.

‘ನೋಡಿ, ಇದರಲ್ಲಿ ಬಗೆಬಗೆ ಇದೆ. ಫೋನಿನ ತಾಮ್ರದ ತಂತೀಲಿ ಬರೋದು ಒಂದು. ಅದು ಅಜ್ಜನ ಕಾಲದ್ದು, ಮುಟ್ಟಲೇಬೇಡಿ. ಟವರಿಂದ ಗಾಳೀಲಿ ಬರೋದು ಇನ್ನೊಂದು. ಅದನ್ನ ಗಾಳಿ ಬಂದಾಗ ತೂರಿಕೋಬೇಕು. ಆಕಾಶದಿಂದ ತಟ್ಟೆಗೆ ಬೀಳೋದೂ ಇದೆ, ಅಷ್ಟು ದೂರದಿಂದ ಬರೋ ಹೊತ್ತಿಗೆ ಪಾಪ, ಅದಕ್ಕೇ ಸುಸ್ತಾಗಿರುತ್ತೆ. ಇನ್ನು ಫೈಬರ್, ಗಾಜಿನ ನೂಲು. ಅದು ನೂರು. ಟಿವಿ ಕೇಬಲ್ಲಿನಲ್ಲಿ ಬರೋದು ಮುನ್ನೂರು. ನೂರು ದೊಡ್ಡದೋ ಮುನ್ನೂರು ದೊಡ್ಡದೋ, ನೀವೇ ಹೇಳಿ.’

ಮ್ಯಾನೇಜರ್ ಲೆಕ್ಕದ ಮನುಷ್ಯ. ಮುನ್ನೂರೇ ದೊಡ್ಡದು ಎಂದು ಒಪ್ಪಿಕೊಂಡರು. ನಾಲ್ಕೂ ಮನೆಗೆ ಸೇರಿ ಒಂದೇ ಲೈನ್ ಎಂದು ತೀರ್ಮಾನವಾಯಿತು. ಬಾಗಿಲಲ್ಲಿ ನಿಂತಿದ್ದ ಹೆಂಡತಿ ಮಾತ್ರ ಕೇಳಿದಳು, ‘ಬರೋದು ಮುನ್ನೂರು, ಸರಿ ರೀ. ನಮ್ಮಿಂದ ಹೋಗೋದು ಎಷ್ಟು?’

‘ಹೋಗೋದಕ್ಕೇನು? ಬಂದ ದಾರೀಲೇ ಹೋಗುತ್ತೆ.’

‘ಫೈಬರಲ್ಲಿ ಬರೋದೂ ನೂರು, ಹೋಗೋದೂ ನೂರಂತೆ. ಕೇಬಲ್ಲಿನಲ್ಲಿ ಹೋಗೋದು ತೀರಾ ಕಮ್ಮಿ ಅಂತ ನನ್ನ ತಮ್ಮ ಬರೆದಿದ್ದ.’

‘ನಿನ್ನ ತಮ್ಮ ಯಾವತ್ತಾದ್ರೂ ತಕ್ಕಡಿ ಹಿಡಿದಿದ್ದಾನಾ?’ ಎಂದರು ಮುನ್ನೂರಪ್ಪ. ಎಲ್ಲರ ಎದುರಿಗೆ ಅಂದ ಮಾತಾದ್ದರಿಂದ ಆಕೆ ಒಳಗೆ ಹೋದಳು.

ಇನ್ನು ಕ್ಯಾಮೆರಾ ವಿಷಯ. ಟೈಲರ್ ಮೆಟ್ಟಿಲ ಕಂಬಿಯ ಮೇಲೆ ಹಾಕಿದ್ದ ಗಿರಾಕಿಯ ಕೋಟು ಕಾಣೆಯಾಯಿತು. ‘ಮುನ್ನೂರು ಇರುವಾಗ ಭಯ ಯಾಕೆ? ಕ್ಯಾಮೆರಾ ಹಾಕಿಬಿಡಿ, ಎಲ್ಲರ ಫೋನಲ್ಲೂ ಮೆಟ್ಟಿಲು ಕಾಣುತ್ತೆ’ ಎಂದರು ಮುನ್ನೂರಪ್ಪ. ಕೋಟು ಮಾರನೆಯ ದಿನ ಇಸ್ತ್ರಿ ಮೇಜಿನ ಕೆಳಗೇ ಸಿಕ್ಕಿತು, ಆದರೆ ಕ್ಯಾಮೆರಾ ಇಳಿಯಲಿಲ್ಲ. ಟೈಲರಿಗಿದ್ದರೆ ತನಗೂ ಬೇಡವೇ ಎಂದು ಮ್ಯಾನೇಜರ್ ಒಂದು ಹಾಕಿಸಿದರು. ತಮ್ಮ ಬಾಗಿಲೇನು ಬಿಟ್ಟಿ ಬಿದ್ದಿದೆಯೇ ಎಂದು ಮುನ್ನೂರಪ್ಪನವರೂ ಬಾಗಿಲ ಎದುರು ಗೋಡೆಗೆ ಒಂದು ಹೊಡೆಸಿದರು. ಈ ಕ್ಯಾಮೆರಾಗಳು ಹಗಲೂ ರಾತ್ರಿ ಮೆಟ್ಟಿಲ ಚಿತ್ರವನ್ನು ದೂರದ ಯಾವುದೋ ಕಂಪನಿಯ ಯಂತ್ರಕ್ಕೆ ಏರಿಸುತ್ತಿದ್ದವು. ಅಲ್ಲಿಂದ ಅದು ಇಳಿದು ಇವರ ಫೋನಿಗೆ ಬರುತ್ತಿತ್ತು. ಇಳಿಯುವ ದಾರಿ ಹೆದ್ದಾರಿ. ಏರುವ ದಾರಿ ಹೇಗಿದೆ ಎಂದು ಯಾರೂ ನೋಡಿರಲಿಲ್ಲ.

ಸೋಮವಾರ ಮಧ್ಯಾಹ್ನ ಮೋಡ ಕವಿದು ಮೆಟ್ಟಿಲೆಲ್ಲ ಮಬ್ಬಾಗಿತ್ತು. ಮುನ್ನೂರಪ್ಪ ಕಚೇರಿಯಿಂದ ಬೇಗ ಬಂದು, ಕೈಕಾಲು ತೊಳೆದು, ಟೀ ಕುಡಿದು, ಬಾಗಿಲಿಗೆ ಎದುರಾಗಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಒಳಕೋಣೆಯಲ್ಲಿ ಹೆಂಡತಿ ಶುಕ್ರವಾರದ ಕಥೆಯನ್ನು ಅಭ್ಯಾಸ ಮಾಡುತ್ತಿದ್ದಳು. ಸನ್ನೆಯ ಕಥೆಯಾದ್ದರಿಂದ ಬಳೆ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಹೊತ್ತು ಹೋಗದೆ ಅವರು ಫೋನಿನಲ್ಲಿ ತಮ್ಮ ಬಾಗಿಲನ್ನು ನೋಡಿದರು.

ಬಾಗಿಲ ಮುಂದೆ ಒಬ್ಬ ನಿಂತಿದ್ದ.

ಬೆನ್ನು ಈ ಕಡೆ, ಮುಖ ಬಾಗಿಲ ಕಡೆ. ಹೆಗಲಿಗೆ ಚೀಲ. ತುಸು ಗೂನು. ತಲೆಯ ಹಿಂದೆ ತಟ್ಟೆಯಗಲ ಬೋಳು, ಆ ಮಬ್ಬಿನಲ್ಲೂ ಹೊಳೆಯುತ್ತಿತ್ತು. ಒಂದು ಕೈ ಬಾಗಿಲಿನ ಮೇಲಿತ್ತು. ಬಡಿಯುತ್ತಿರಲಿಲ್ಲ, ಸುಮ್ಮನೆ ಇಟ್ಟುಕೊಂಡಿದ್ದ.

ಮುನ್ನೂರಪ್ಪ ಎದುರಿಗಿದ್ದ ಬಾಗಿಲನ್ನು ನೋಡಿದರು. ಎರಡು ಮಾರು ದೂರ. ಎದ್ದು ಹೋಗಿ ಚಿಲಕ ತೆಗೆದು ಇಣುಕಿದರು. ಮೆಟ್ಟಿಲು ಖಾಲಿ. ಮೇಲೆ ಖಾಲಿ, ಕೆಳಗೆ ಖಾಲಿ. ಕೆಳಗಿನಿಂದ ಟೈಲರನ ಹೊಲಿಗೆ ಯಂತ್ರದ ಸದ್ದು ಒಂದೇ. ಚಿಲಕ ಹಾಕಿ ಬಂದು ಮತ್ತೆ ಫೋನ್ ನೋಡಿದರೆ ಅವನು ಅಲ್ಲೇ ಇದ್ದಾನೆ. ನೋಡನೋಡುತ್ತಿದ್ದಂತೆ ಬಾಗಿಲು ತೆರೆಯಿತು. ಅವನು ಒಳಗೆ ಬಂದ. ಬಾಗಿಲು ಮುಚ್ಚಿತು.

ಎದುರಿಗಿದ್ದ ನಿಜವಾದ ಬಾಗಿಲು ಅಲುಗಾಡಿರಲಿಲ್ಲ.

ಅವರು ಫೋನನ್ನು ದಿಂಬಿನ ಮೇಲೆ ಮಗುಚಿ ಹಾಕಿದರು. ಇನ್ನು ಸ್ವಲ್ಪ ಹೊತ್ತು ನೋಡಿದ್ದರೆ, ಅದೇ ಬಾಗಿಲು ತೆರೆದು ಹೆದರಿದ ಮುಖವೊಂದು ಇಣುಕುವುದೂ, ಆ ಮುಖ ಯಾರದೆಂಬುದೂ ಕಾಣುತ್ತಿತ್ತು. ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಹೆದರಿಕೆಯ ಗುಣವೇ ಹಾಗೆ. ಉತ್ತರ ಬರುವ ಮುಂಚೆ ಫೋನ್ ಮಗುಚಿ ಹಾಕಿಸುತ್ತದೆ.

‘ಯಾರೋ ಒಳಗೆ ಬಂದ್ರು ಕಣೇ’ ಎಂದರು ಹೆಂಡತಿಗೆ, ಪಿಸುದನಿಯಲ್ಲಿ.

‘ನೀವೇ ಬಂದಿದ್ದು.’

‘ನಾನು ಬಂದು ಟೀ ಕುಡಿದು ಲೋಟ ತೊಳೆದಿಟ್ಟಾಯ್ತು. ಇವನು ಈಗ ಬಂದ. ಬೋಳುತಲೆಯವನು.’

ಹೆಂಡತಿ ಗಂಡನ ತಲೆಯನ್ನೊಮ್ಮೆ ನೋಡಿದಳು. ಏನೋ ಹೇಳಲು ಹೊರಟು, ಸಂಸಾರ ನಡೆಸಿದ ಅನುಭವದಿಂದ ನಿಲ್ಲಿಸಿದಳು. ಮನುಷ್ಯ ಜಗತ್ತನ್ನೆಲ್ಲ ನೋಡಿದರೂ ಸ್ವಂತ ಬೆನ್ನು ನೋಡಿರುವುದಿಲ್ಲ. ಮುನ್ನೂರಪ್ಪನವರಿಗೆ ತಮ್ಮ ತಲೆ ಮುಂದೆ ಹೇಗಿದೆಯೋ ಹಿಂದೆಯೂ ಹಾಗೇ ಇದೆ ಎಂಬ ದೃಢ ನಂಬಿಕೆಯಿತ್ತು.

ಮಾರನೆಯ ದಿನ ಅವರು ಪ್ಯಾಂಟಿನ ಸೊಂಟ ಸಡಿಲ ಮಾಡಿಸಲು ಟೈಲರನ ಬಳಿ ಹೋದರು. ಟೈಲರ್ ಟೇಪು ಹಿಡಿದು ಅಳತೆ ತೆಗೆಯುತ್ತಿದ್ದವನು ಮೇಜಿನ ಮೇಲಿದ್ದ ಫೋನಿನ ಕಡೆ ಕಣ್ಣು ಹಾಯಿಸಿದ. ಅದರಲ್ಲಿ ಮುನ್ನೂರಪ್ಪ ಮೆಟ್ಟಿಲು ಇಳಿಯುತ್ತಿದ್ದರು. ಟೈಲರ್ ತನ್ನ ಟೇಪಿನೊಳಗಿದ್ದ ಮುನ್ನೂರಪ್ಪನವರನ್ನು ನೋಡಿದ. ಫೋನಿನವರು ಇನ್ನೂ ಇಳಿಯುತ್ತಲೇ ಇದ್ದರು, ಒಂದು ಮೆಟ್ಟಿಲು, ನಿಂತು, ಇನ್ನೊಂದು ಮೆಟ್ಟಿಲು, ನಿಂತು. ಟೈಲರ್ ನಿಧಾನವಾಗಿ ಬಗ್ಗಿ ಗಿರಾಕಿಯ ಪಾದಗಳನ್ನು ನೋಡಿದ. ಬೆರಳು ಮುಂದೆ, ಹಿಮ್ಮಡಿ ಹಿಂದೆ. ಸದ್ಯ.

‘ಏನಪ್ಪಾ, ಸೊಂಟದ ಅಳತೆ ಕಾಲಲ್ಲಿ ಹುಡುಕ್ತಿದೀಯಾ?’

‘ಇಲ್ಲ ಸರ್, ಉದ್ದ ನೋಡ್ದೆ’ ಎಂದ ಟೈಲರ್. ‘ಸರ್, ಒಂದು ಮಾತು. ನಿಮಗೆ ಅಣ್ಣತಮ್ಮ ಯಾರಾದ್ರೂ ಇದ್ರಾ? ಅವಳಿಜವಳಿ?’

‘ಒಬ್ಬನೇ ಮಗ ನಾನು.’

‘ಇದ್ದು ಹೋದವರು?’

ಮುನ್ನೂರಪ್ಪ ಸಿಟ್ಟಾಗಿ ಪ್ಯಾಂಟು ಕಿತ್ತುಕೊಂಡು ಮೇಲೆ ಹೋದರು. ಅವರು ಹೋದ ಎಷ್ಟೋ ಹೊತ್ತಿನ ಮೇಲೆ ಫೋನಿನ ಮುನ್ನೂರಪ್ಪ ಅಂಗಡಿಯ ಬಾಗಿಲಿಗೆ ಬಂದು ನಿಂತು, ಟೈಲರನನ್ನೇ ನೋಡಿದರು. ಟೈಲರ್ ಅಂಗಡಿ ಮುಚ್ಚಿದ.

ಸುದ್ದಿಗೆ ಮೆಟ್ಟಿಲು ಹತ್ತಲು ಇಂಟರ್ನೆಟ್ ಬೇಕಿಲ್ಲ. ಸಂಜೆಯೊಳಗೆ ಮ್ಯಾನೇಜರಿಗೂ ನರ್ಸಮ್ಮನಿಗೂ ತಿಳಿಯಿತು. ಮ್ಯಾನೇಜರ್ ತಮ್ಮ ಫೋನಿನಲ್ಲೂ ಕಂಡಿದ್ದಾಗಿ ಹೇಳಿದರು. ‘ಕಂಡಿದ್ದು ಇವರನ್ನೇ. ಆದ್ರೆ ಆ ಹೊತ್ತಿಗೆ ಇವರು ನನ್ನ ಮನೇಲಿ ಕೂತು ಮುನ್ನೂರರ ಬಗ್ಗೆ ಮಾತಾಡ್ತಾ ಇದ್ರು. ಎರಡು ಕಡೆ ಇರೋಕೆ ಒಂದು ಖಾತೇಲಿ ಅವಕಾಶ ಇಲ್ಲ.’

ನರ್ಸಮ್ಮ ಮುನ್ನೂರಪ್ಪನವರನ್ನು ಮೆಟ್ಟಿಲ ಮೇಲೆ ತಡೆದು ನಿಲ್ಲಿಸಿ ನಾಡಿ ಹಿಡಿದರು. ಕಣ್ಣರೆಪ್ಪೆ ಕೆಳಗೆಳೆದು ನೋಡಿದರು. ಆಮೇಲೆ ಉಳಿದಿಬ್ಬರಿಗೆ ವರದಿ ಕೊಟ್ಟರು: ‘ಸತ್ತವರನ್ನ ನಾನು ಬೇಕಾದಷ್ಟು ನೋಡಿದೀನಿ. ಇವರು ಪೂರ್ತಿ ಹಾಗಿಲ್ಲ.’

‘ಪೂರ್ತಿ ಅಂದ್ರೆ?’ ಎಂದರು ಮ್ಯಾನೇಜರ್.

‘ಕೈ ಸ್ವಲ್ಪ ತಣ್ಣಗಿದೆ.’

ಇಷ್ಟಾದ ಮೇಲೆ ಎಚ್ಚರಿಕೆಯ ಜನ ಏನು ಮಾಡುತ್ತಾರೋ ಅದನ್ನೇ ಅವರು ಮಾಡಿದರು: ಇನ್ನಷ್ಟು ಕ್ಯಾಮೆರಾ ತಂದರು. ಮ್ಯಾನೇಜರ್ ತಿರುವಿಗೊಂದು, ಕಿಟಕಿಗೊಂದು. ನರ್ಸಮ್ಮ ಕತ್ತು ತಿರುಗಿಸುವ ಕ್ಯಾಮೆರಾ ತಂದರು. ಅದು ಹಾದುಹೋದವರನ್ನೆಲ್ಲ ಗಿರ್ರೆಂದು ತಿರುಗಿ ನೋಡುತ್ತಿತ್ತು. ಮೆಟ್ಟಿಲ ತುಂಬ ಸಣ್ಣ ಸಣ್ಣ ಕೆಂಪು ದೀಪಗಳು ಹೊತ್ತಿಕೊಂಡವು. ಆದರೆ ಏರುವ ದಾರಿ ಇದ್ದಷ್ಟೇ ಇತ್ತು. ಕಣ್ಣು ಹೆಚ್ಚಿದಷ್ಟೂ ನೂಕುನುಗ್ಗಲು ಹೆಚ್ಚಿ, ಚಿತ್ರ ಬರುವುದು ಇನ್ನಷ್ಟು ತಡವಾಗಿ, ಫೋನಿನ ಮುನ್ನೂರಪ್ಪ ಮೆಟ್ಟಿಲ ಮೇಲೆ ಇನ್ನೂ ಹೆಚ್ಚು ಹೊತ್ತು ನಿಲ್ಲತೊಡಗಿದರು. ಅವರು ಹೆಚ್ಚು ಹೊತ್ತು ನಿಂತಷ್ಟೂ ಜನ ಹೆಚ್ಚು ಹೆದರಿದರು. ದೆವ್ವಕ್ಕೆ ಹೆದರಿ ಕಟ್ಟಿದ ಬೇಲಿಯೇ ದೆವ್ವಕ್ಕೆ ಮನೆಯಾಯಿತು.

ಇತ್ತ ಮುನ್ನೂರಪ್ಪನವರ ಹೆಂಡತಿ ತಮ್ಮನಿಗೆ ವಿಡಿಯೋ ಕರೆ ಮಾಡಿ ಕಥೆ ಹೇಳಿ ನೋಡಿದಳು. ಮನೆ ಬೀಗದ ಕೈ ಕಳೆದುಕೊಂಡ ಆಮೆಯ ಕಥೆ. ಬೆನ್ನ ಮೇಲೇ ಮನೆ ಇದ್ದರೂ ಒಳಗೆ ಹೋಗಲಾರದೆ ಊರೆಲ್ಲ ಅಲೆಯುತ್ತದೆ. ತಮ್ಮನ ಮುಖ ಪರದೆಯಲ್ಲಿ ಕನ್ನಡಿಯಷ್ಟು ಸ್ಪಷ್ಟ. ಆದರೆ ಅವನು ತಲೆಯಾಡಿಸಿ ಸನ್ನೆ ಮಾಡಿದ: ನಿನ್ನ ಕೈ ಎದ್ದಿತು, ನಿಂತಿತು, ಮಾಯವಾಯಿತು, ಆಮೆ ಬಂತು, ಆಮೆ ಎಲ್ಲಿಗೆ ಹೋಯಿತೋ ತಿಳಿಯಲಿಲ್ಲ.

ಆಕೆ ಫೋನ್ ಇಟ್ಟು ಬಂದು ಗಂಡನ ಮುಂದೆ ನಿಂತಳು. ‘ಮಾತು ತುಂಡಾದ್ರೆ ಜನ ಊಹೆ ಮಾಡ್ಕೋತಾರೆ. ಕೈ ನಿಂತುಹೋದ್ರೆ ನಾನು ಮೂಗಿ. ನಿಮ್ಮ ಮುನ್ನೂರರಲ್ಲಿ ನನ್ನದು ಒಂದೂ ಇಲ್ಲ ರೀ.’

ಮುನ್ನೂರಪ್ಪ ಕೂಡಲೇ ಕೇಬಲ್‌ನವನಿಗೆ ಫೋನ್ ಮಾಡಿ, ಮೇಲಕ್ಕೆ ಹೋಗೋದು ಎಷ್ಟು ಎಂದು ಕೇಳಿದರು. ‘ಮೇಲಕ್ಕಾ ಸರ್?’ ಎಂದ ಅವನು, ಯಾರೂ ಕೇಳದ್ದನ್ನು ಕೇಳಿಸಿಕೊಂಡವನಂತೆ. ‘ಮೇಲಕ್ಕೆ ಹತ್ತು. ನಾಲ್ಕೂ ಮನೆಗೆ ಸೇರಿ. ನೀವು ಕೆಳಗಿನದನ್ನೇ ಕೇಳಿದ್ರಿ, ಕೆಳಗಿನದನ್ನೇ ಹೇಳ್ದೆ.’ ಫೈಬರ್ ಹಾಕಿಸಬೇಕೆಂದರೆ ಮುಂದಿನ ತಿಂಗಳು ಎಂದೂ ಹೇಳಿದ.

ಹೆಂಡತಿಗೆ ಈಗ ಎಲ್ಲ ಹೊಳೆಯಿತು. ಗಂಡನನ್ನು ಕರೆದೊಯ್ದು ಬಾಗಿಲ ಹೊರಗೆ ನಿಲ್ಲಿಸಿದಳು. ‘ಬೆನ್ನು ತಿರುಗಿಸಿ. ಎಡಗೈ ಎತ್ತಿ. ಸಾಕು, ಒಳಗೆ ಬನ್ನಿ.’ ಒಳಗೆ ಕೂರಿಸಿ ಫೋನ್ ಮುಂದಿಟ್ಟಳು. ಬಹಳ ಹೊತ್ತು ಖಾಲಿ ಮೆಟ್ಟಿಲು. ಅನ್ನಕ್ಕಿಟ್ಟ ಕುಕ್ಕರ್ ಕೂಗಿ ತಣ್ಣಗಾದ ಮೇಲೆ ಆ ಬೋಳುತಲೆಯವನು ಬಂದು ಬಾಗಿಲ ಮುಂದೆ ಬೆನ್ನು ತಿರುಗಿಸಿ ನಿಂತು, ಎಡಗೈ ಎತ್ತಿದ.

ಮುನ್ನೂರಪ್ಪ ಎಡಗೈ ನೋಡಿಕೊಂಡರು. ನಂತರ ಅದೇ ಕೈಯನ್ನು ನಿಧಾನವಾಗಿ ತಲೆಯ ಹಿಂದಕ್ಕೆ ಒಯ್ದರು.

‘ಇದು ಯಾವಾಗಿನಿಂದ?’

‘ಮದುವೆಯಾದ ಮೂರನೇ ವರ್ಷದಿಂದ.’

‘ಮತ್ತೆ ನೀನು ಹೇಳಲೇ ಇಲ್ಲವಲ್ಲೇ.’

‘ನೀವೂ ಕೇಳಲಿಲ್ಲ, ನಾನೂ ಹೇಳಲಿಲ್ಲ’ ಎಂದಳು ಆಕೆ, ಕೇಬಲ್‌ನವನ ದನಿಯಲ್ಲಿ. ದೆವ್ವವಿಲ್ಲವೆಂದು ತಿಳಿದ ಸಮಾಧಾನಕ್ಕಿಂತ ಬೋಳಿದೆಯೆಂದು ತಿಳಿದ ದುಃಖವೇ ಅವರಿಗೆ ಆ ರಾತ್ರಿ ದೊಡ್ಡದಾಗಿತ್ತು.

ಗುರುವಾರ ಮೆಟ್ಟಿಲ ಮೇಲೆ ಸಭೆ ಸೇರಿತು. ಮುನ್ನೂರಪ್ಪ ತಮ್ಮ ತಪ್ಪನ್ನು ಒಪ್ಪಿಕೊಂಡರು; ಒಪ್ಪಿಕೊಂಡರು ಎನ್ನುವುದಕ್ಕಿಂತ, ಅದನ್ನೂ ಉಪನ್ಯಾಸವಾಗಿ ಮಾಡಿದರು. ‘ನೀವೆಲ್ಲ ನೋಡಿದ್ದು ನನ್ನನ್ನೇ, ಆದ್ರೆ ಹಳೇ ನನ್ನನ್ನ. ಚಿತ್ರ ಮೇಲೆ ಹೋಗೋಕೆ ದಾರಿ ಸಾಲದೆ ತಡವಾಗಿ ಬಂದಿದೆ. ನಾಳೆ ನಾಲ್ಕರಿಂದ ಒಂದು ಗಂಟೆ ಎಲ್ಲ ಕ್ಯಾಮೆರಾ ತೆಗೆದಿಡಿ. ಇವಳ ಕೈ ಹೋಗೋಕೆ ದಾರಿ ಬಿಡಿ. ಇವಳಿಗೆ ಇದು ಕೊನೇ ಅವಕಾಶ.’

ಕೊನೆಯ ಮಾತು ಹೇಳುವಾಗ ಅವರ ದನಿ ಉಪನ್ಯಾಸದ ಹಾಗಿರಲಿಲ್ಲ. ಹೆಂಡತಿ ನೆಲ ನೋಡಿದಳು.

ಮ್ಯಾನೇಜರ್ ಗಂಟಲು ಸರಿಮಾಡಿಕೊಂಡರು. ‘ಲೆಕ್ಕ ಸರಿಯಾಗೇ ಕೂಡುತ್ತೆ. ಒಂದು ಮಾತ್ರ ಉಳಿಯುತ್ತೆ. ಅವರು ಬಾಗಿಲ ಮುಂದೆ ನಿಂತು ಕೈ ಆಡಿಸ್ತಾರಲ್ಲ, ಅದೇನು?’

‘ಕೈ ಆಡಿಸೋದೇ? ಬೀಗದ ಕೈ ಹುಡುಕ್ತಾ ಇರ್ತೀನಿ.’

‘ಬೀಗದ ಕೈ ಹೀಗೆ ಹುಡುಕ್ತಾರಾ?’ ಎಂದು ನರ್ಸಮ್ಮ ತಾವು ಕಂಡಿದ್ದನ್ನು ಮಾಡಿ ತೋರಿಸಿದರು. ಒಂದು ಕೈ ಮುಷ್ಟಿ. ಅದರ ಮೇಲೆ ಇನ್ನೊಂದು ಕೈ ಮುಚ್ಚಳದ ಹಾಗೆ. ಮುಷ್ಟಿಯ ಹೆಬ್ಬೆರಳು ಮಾತ್ರ ಹೊರಗೆ, ಮೆಲ್ಲಗೆ ಅಲ್ಲಾಡುತ್ತಿತ್ತು.

‘ಕತ್ತಲಲ್ಲಿ ಏನೋ ಒಂದು ಮಾಡಿರ್ತೀನಿ ಬಿಡಿ’ ಎಂದರು ಮುನ್ನೂರಪ್ಪ. ಅವರ ಹೆಂಡತಿ ನರ್ಸಮ್ಮನ ಕೈಗಳನ್ನೇ ನೋಡುತ್ತಿದ್ದಳು.

‘ಸರ್, ಎಲ್ಲಾ ಸರಿ’ ಎಂದ ಟೈಲರ್. ‘ಕ್ಯಾಮೆರಾ ತೆಗೆದ ಮೇಲೆ ಮೆಟ್ಟಿಲು ನೋಡ್ಕೊಳ್ಳೋರು ಯಾರು?’

‘ನಾನೇ ಕೂತ್ಕೋತೀನಿ. ಒಂದು ಗಂಟೆ. ಅಲ್ಲಾಡಲ್ಲ.’

‘ಯಾವ ನೀವು?’ ಎಂದ ಟೈಲರ್. ಯಾರೂ ನಗಲಿಲ್ಲ.

ಶುಕ್ರವಾರ ನಾಲ್ಕಕ್ಕೆ ಸ್ವಲ್ಪ ಮುಂಚೆ ಒಬ್ಬೊಬ್ಬರೇ ಬಂದು ಪ್ಲಗ್ ಕಿತ್ತರು. ಕೆಂಪು ದೀಪಗಳು ಮೇಲಿನಿಂದ ಕೆಳಕ್ಕೆ ಒಂದೊಂದಾಗಿ ಆರಿದವು. ಕೊನೆಗೆ ನರ್ಸಮ್ಮನ ಕ್ಯಾಮೆರಾ ಒಮ್ಮೆ ಗಿರ್ರೆಂದು ಕತ್ತು ತಿರುಗಿಸಿ, ಮುನ್ನೂರಪ್ಪನವರ ಪಕ್ಕದ ಖಾಲಿ ಜಾಗವನ್ನು ನೋಡಿ, ಹಾಗೇ ನಿಂತಿತು. ಹೆಂಡತಿ ಒಳಗಿನಿಂದ ಚಿಲಕ ಹಾಕಿಕೊಂಡಳು. ಚಿಲಕ ಬಿದ್ದ ಸದ್ದು ಮೆಟ್ಟಿಲ ತುಂಬ ಕೇಳಿಸಿತು.

ಮುನ್ನೂರಪ್ಪ ಬಾಗಿಲ ಹೊರಗೆ ಮೆಟ್ಟಿಲ ಮೇಲೆ ಕೂತರು. ಒಳಗಿನಿಂದ ಬಳೆ ಸದ್ದು ಸಣ್ಣಗೆ ಬರುತ್ತಿತ್ತು, ಶುರುವಾಗಿದೆ ಎಂದುಕೊಂಡರು. ದೇವರೇ, ಆ ಕೈ ನಿಲ್ಲದಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡರು. ಇಷ್ಟು ವರ್ಷದಲ್ಲಿ ತಾವು ಆ ಭಾಷೆಯ ಒಂದು ಸನ್ನೆಯನ್ನೂ ಕಲಿಯಲಿಲ್ಲವಲ್ಲ ಎಂದು ಮೊದಲ ಸಲ ಅನ್ನಿಸಿತು. ಭಾವಮೈದುನ ಬಂದಾಗಲೆಲ್ಲ ಜೋರಾಗಿ ಮಾತಾಡಿ ಕಳಿಸಿದ್ದರು, ಅಷ್ಟೇ.

ಹೊತ್ತು ಇಳಿಯುತ್ತ ಮೆಟ್ಟಿಲು ಮಬ್ಬಾಯಿತು. ಹೊಲಿಗೆ ಯಂತ್ರವೂ ನಿಂತಿತ್ತು. ಅವರಿಗೆ ತೂಕಡಿಕೆ ಬಂತೋ ಇಲ್ಲವೋ ಅವರಿಗೇ ಗೊತ್ತಿಲ್ಲ. ಕೆಳಗಿನಿಂದ ಯಾರೋ ಹತ್ತಿ ಬಂದಂತಾಗಿ, ಕೂತಲ್ಲೇ ಗೋಡೆಯ ಕಡೆ ಸರಿದು, ಮೊಣಕಾಲು ಒಳಗೆಳೆದುಕೊಂಡು ದಾರಿ ಬಿಟ್ಟರು. ‘ಹೋಗಿ, ಹೋಗಿ’ ಎಂದೂ ಅಂದರು. ಪಕ್ಕದಲ್ಲಿ ತಣ್ಣಗೆ ಗಾಳಿ ಹಾದುಹೋಯಿತು. ತಿರುಗಿ ನೋಡಿದರೆ ಯಾರೂ ಇಲ್ಲ, ಮುಚ್ಚಿದ ಬಾಗಿಲು ಅಷ್ಟೇ. ‘ಅಭ್ಯಾಸಬಲ’ ಎಂದುಕೊಂಡರು. ದಾರಿ ಬಿಟ್ಟ ಜಾಗಕ್ಕೆ ಮರಳಿ ಸರಿಯಲು ಮಾತ್ರ ಮನಸ್ಸಾಗಲಿಲ್ಲ.

ಗಂಟೆ ಕಳೆದ ಮೇಲೆ ಚಿಲಕ ಸರಿದು ಬಾಗಿಲು ತೆರೆಯಿತು. ಹೆಂಡತಿಯ ಕಣ್ಣು ತುಂಬಿತ್ತು, ಮುಖ ನಗುತ್ತಿತ್ತು.

‘ಕೆಲಸ ಸಿಕ್ತು ರೀ. ಅಲ್ಲೇ ಹೇಳಿಬಿಟ್ರು. ಒಂದು ಸಲಾನೂ ಕೈ ನಿಲ್ಲಲಿಲ್ಲವಂತೆ.’ ಆಮೇಲೆ ಗಂಡನ ತೋಳು ಹಿಡಿದುಕೊಂಡಳು. ಹೊರಗಿನ ಮೆಟ್ಟಿಲ ಮೇಲೆ ಆಕೆ ಎಂದೂ ಹಾಗೆ ಹಿಡಿದವಳಲ್ಲ. ‘ನಿಮ್ಮಿಂದಲೇ ಸಿಕ್ಕಿದ್ದು. ಶಾಲೆಯ ಮುಖ್ಯಸ್ಥೆಯವರೇ ಹೇಳಿದ್ರು. ಪಾಠ ಮಾಡೋರು ತುಂಬಾ ಜನ ಬಂದಿದ್ರಂತೆ. ಮನೆಯವರಿಗೂ ಕಲಿಸಿದವರು ನಾನೊಬ್ಬಳೇ ಅಂತೆ. ನಿಮ್ಮ ಗಂಡ ಹಿಂದೆ ನಿಂತು ನಿಮ್ಮ ಜೊತೆಗೇ ಪೂರ್ತಿ ಕಥೆ ಹೇಳಿದ್ರು, ನೋಡಿ ಕಣ್ಣು ತುಂಬಿ ಬಂತು ಅಂದ್ರು. ಯಾವಾಗ ಕಲಿತ್ರಿ ನೀವು? ಯಾವಾಗ ಒಳಗೆ ಬಂದ್ರಿ? ನಾನು ತಿರುಗಿ ನೋಡೋಕಾಗಲಿಲ್ಲ.’

‘ನಾನು ಮೆಟ್ಟಿಲಿಂದ ಎದ್ದೇ ಇಲ್ಲ ಕಣೇ’ ಎಂದರು ಮುನ್ನೂರಪ್ಪ.

ಆಕೆ ನಕ್ಕಳು. ಗಂಡ ನಗಲಿಲ್ಲ. ಆಕೆ ಬಾಗಿಲಿನ ಚಿಲಕವನ್ನು ನೋಡಿದಳು. ಈಗಷ್ಟೇ ಒಳಗಿನಿಂದ ತೆಗೆದ ಚಿಲಕ.

‘ಲೇಟಾಗಿ ಬಂದ ನಾನೇ ಇರಬೇಕು’ ಎಂದರು ಅವರು. ‘ಸೋಮವಾರದವನು. ಮಂಗಳವಾರದವನು.’

‘ಇವತ್ತು ಒಂದು ಕ್ಷಣಾನೂ ತಡ ಇರಲಿಲ್ಲ’ ಎಂದಳು ಹೆಂಡತಿ. ‘ಅಲ್ಲದೆ, ಸನ್ನೆ ಯಾವ ವಾರದ ನಿಮಗೂ ಬರಲ್ಲ.’

ಕೆಳಗಿನಿಂದ ಟೈಲರ್ ಕೂಗಿದ, ‘ಸರ್, ಕ್ಯಾಮೆರಾ ಹಾಕಲಾ?’

ಗಂಡಹೆಂಡತಿ ಒಂದೇ ದನಿಯಲ್ಲಿ ‘ಬೇಡ’ ಎಂದರು. ಮದುವೆಯಾದ ಮೇಲೆ ಇಬ್ಬರೂ ಒಂದು ಮಾತಿಗೆ ಒಪ್ಪಿದ್ದು ಅದೇ ಮೊದಲು ಎಂದು ಮ್ಯಾನೇಜರ್ ಆಮೇಲೆ ಹೇಳುತ್ತಿದ್ದರು.

ಅಲ್ಲಿಗೆ ಮುಗಿಯಲಿಲ್ಲ. ಕೆಲಸಕ್ಕೆ ಸೇರುವ ದಿನ ಗಂಡನೂ ಪರದೆಯ ಮುಂದೆ ಬರಬೇಕು, ಆ ಆಮೆಯ ಕಥೆಯನ್ನು ಮಕ್ಕಳಿಗೆ ಅವರೇ ಹೇಳಬೇಕು ಎಂದು ಮುಖ್ಯಸ್ಥೆ ಬರೆದು ಕಳಿಸಿದರು. ಇಲ್ಲವೆಂದರೆ ಹೆಂಡತಿ ಸುಳ್ಳು ಹೇಳಿ ಕೆಲಸ ಗಿಟ್ಟಿಸಿದಂತಾಗುತ್ತದೆ. ಮುನ್ನೂರಪ್ಪನವರು ತಮ್ಮ ಜೀವಮಾನದಲ್ಲಿ ಮೊದಲ ಸಲ, ಯಾರಿಗೂ ಉಪನ್ಯಾಸ ಕೊಡದೆ, ಕಲಿಯಲು ಕೂತರು.

ಬಾಗಿಲಿಗೆ ಬೆನ್ನು ಮಾಡಿ ಅವರ ಕುರ್ಚಿ, ಎದುರಿಗೆ ಆಕೆಯದು. ಸಂಜೆಯ ಬೆಳಕು ಗೋಡೆಯ ಮೇಲಿತ್ತು. ‘ಮೊದಲು ಆಮೆ’ ಎಂದಳು ಆಕೆ. ಒಂದು ಕೈ ಮುಷ್ಟಿ ಮಾಡಿ, ಮೇಲೆ ಇನ್ನೊಂದು ಕೈಯನ್ನು ಚಿಪ್ಪಿನ ಹಾಗೆ ಮುಚ್ಚಿ, ಹೆಬ್ಬೆರಳನ್ನು ಮಾತ್ರ ಹೊರಗಿಟ್ಟು ಮೆಲ್ಲಗೆ ಅಲ್ಲಾಡಿಸಿದಳು. ‘ಹೆಬ್ಬೆರಳು ಆಮೆಯ ತಲೆ.’

ಮುನ್ನೂರಪ್ಪನವರಿಗೆ ಆ ಸನ್ನೆಯನ್ನು ಎಲ್ಲೋ ನೋಡಿದ ಹಾಗಾಯಿತು. ನರ್ಸಮ್ಮನ ಕೈಗಳು ನೆನಪಾದವು. ನೆನಪಾಗಿ, ಕೈ ಎತ್ತುವುದನ್ನೇ ಮರೆತು ಕೂತುಬಿಟ್ಟರು.

ಹೆಂಡತಿ ಅವರನ್ನು ನೋಡುತ್ತಿರಲಿಲ್ಲ. ಅವರ ಹೆಗಲಿನಾಚೆ, ಸ್ವಲ್ಪ ಮೇಲೆ ನೋಡುತ್ತಿದ್ದಳು.

‘ಹಾಂ, ಹಾಗೆ’ ಎಂದಳು ಮೆಲ್ಲಗೆ. ‘ಈಗ ಸರಿಯಾಯ್ತು ನೋಡಿ.’

ಮುನ್ನೂರಪ್ಪ ತಮ್ಮ ಕೈಗಳನ್ನು ನೋಡಿಕೊಂಡರು. ಅವು ಇನ್ನೂ ತೊಡೆಯ ಮೇಲೇ ಇದ್ದವು.